17–2ರಲ್ಲಿ ಸೋಲುತ್ತಿರುವ ಮಕ್ಕಳಿಗೆ ಕೆಲಸ ಕೊಡಿ

(ನ್ಯೂಜೆರ್ಸಿಯಲ್ಲಿ ಕನ್ನಡ ಪೋಷಕರ ಸಭೆಯೊಂದರಲ್ಲಿ ಮಕ್ಕಳ ಬೇಸ್‌ಬಾಲ್ ಕೋಚ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಕ್ರಿಕೆಟ್ ನೋಡುತ್ತಾ ಬೆಳೆದವರು. ನಮ್ಮ ಮಕ್ಕಳು ಬೇಸ್‌ಬಾಲ್ ಆಡುತ್ತಿದ್ದಾರೆ. ಏಪ್ರಿಲ್ ಚಳಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಊರಿಂದ ಬಂದ ಅಜ್ಜಿ ತಾತನಿಗೆ ಶಾಲು ಹೊದಿಸಿ ನೀವೆಲ್ಲ ಮೈದಾನದ ಪಕ್ಕ ಕೂರುವುದನ್ನು ನಾನು ಡಗೌಟ್‌ನಿಂದ, ಅಂದರೆ ತಂಡ ಕೂರುವ ಜಾಗದಿಂದ, ನೋಡುತ್ತಿರುತ್ತೇನೆ. ಇವತ್ತು ಗೆದ್ದ ಪಂದ್ಯಗಳ ವಿಷಯ ಬೇಡ. ಒಂದೆರಡು ರನ್ನಿನಲ್ಲಿ ಕೈತಪ್ಪಿದ ಪಂದ್ಯಗಳೂ ಬೇಡ. 17–2, 20–1, ಅಂಥ ಸೋಲಿನ ಬಗ್ಗೆ ಮಾತಾಡೋಣ. ಮೂರನೇ ಇನ್ನಿಂಗ್ (ಎರಡೂ ತಂಡ ಒಂದೊಂದು ಸರದಿ ಬ್ಯಾಟ್ ಮಾಡಿದರೆ ಒಂದು ಇನ್ನಿಂಗ್) ಹೊತ್ತಿಗೇ ಫಲಿತಾಂಶ ಎಲ್ಲರಿಗೂ ಗೊತ್ತಾಗಿರುತ್ತದೆ. ಆದರೂ ಆಟ ನಡೆಯುತ್ತಲೇ ಇರುತ್ತದೆ. ಆ ಉಳಿದ ಹೊತ್ತಿನಲ್ಲಿ ಹತ್ತು ವರ್ಷದ ಮಗುವಿಗೆ ನಾವು ಏನು ಕೊಡಬೇಕು?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆ ಹೊತ್ತಿನಲ್ಲಿ ಮಗುವಿಗೆ ಬೇಕಾಗಿರುವುದು ಕೆಲಸ. ಸಮಾಧಾನ ಆಮೇಲೆ ಹೇಳಬಹುದು. ಕೈಗೆ ಒಂದು ಕೆಲಸ ಸಿಕ್ಕ ಮಗು ಸ್ಕೋರ್‌ಬೋರ್ಡ್ ನೋಡುವುದನ್ನು ಬಿಡುತ್ತದೆ. ಕೆಲಸವಿಲ್ಲದ ಮಗು ಅದನ್ನೇ ನೋಡುತ್ತಾ ನಿಲ್ಲುತ್ತದೆ, ಇಲ್ಲವೇ ಬೇಲಿಯಾಚೆ ಕೂತ ನಮ್ಮ ಮುಖ ನೋಡುತ್ತದೆ. ಎರಡರಿಂದಲೂ ಅದಕ್ಕೆ ಒಳ್ಳೆಯದಾಗುವುದಿಲ್ಲ.

ಮೊದಲು ಇಂಥ ಸೋಲು ಹೇಗೆ ಆಗುತ್ತದೆ ಅಂತ ನೋಡೋಣ. ಎದುರಿನ ತಂಡ ಭರ್ಜರಿಯಾಗಿ ಹೊಡೆದು ಗೆಲ್ಲುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಈ ವಯಸ್ಸಿನಲ್ಲಿ ಹಾಗಾಗುವುದು ಕಡಿಮೆ. ರನ್‌ಗಳು ಬರುವುದು ಜಾಸ್ತಿ ವಾಕ್‌ನಿಂದ. ಪಿಚರ್ ಎಸೆದ ನಾಲ್ಕು ಚೆಂಡು ಸ್ಟ್ರೈಕ್ ಜೋನ್ ಆಚೆ ಹೋದರೆ ಬ್ಯಾಟರ್ ಆರಾಮಾಗಿ ಮೊದಲ ಬೇಸ್‌ಗೆ ನಡೆದು ಹೋಗುತ್ತಾನೆ. ಮೂರು ಬೇಸ್ ಮುಟ್ಟಿ, ತಾನು ಬ್ಯಾಟ್ ಮಾಡಿದ ಹೋಮ್ ಪ್ಲೇಟ್‌ಗೆ ವಾಪಸ್ ಬಂದರೆ ಒಂದು ರನ್. ನಮ್ಮ ಮಕ್ಕಳು ಆಡುವ ಲಿಟಲ್ ಲೀಗ್ ಅನ್ನುವ ಮಕ್ಕಳ ಬೇಸ್‌ಬಾಲ್ ಲೀಗ್‌ನ ಚಿಕ್ಕ ಮೈದಾನದಲ್ಲಿ ಪಿಚರ್‌ಗೂ ಹೋಮ್ ಪ್ಲೇಟ್‌ಗೂ 46 ಅಡಿ ದೂರ. ದೊಡ್ಡವರದು 60 ಅಡಿ 6 ಇಂಚು. ಆದರೆ ಹೋಮ್ ಪ್ಲೇಟ್‌ನ ಅಗಲ ಇಬ್ಬರಿಗೂ ಅದೇ 17 ಇಂಚು. 46 ಅಡಿ ದೂರದಿಂದ ಅಷ್ಟು ಅಗಲದ ಜಾಗದ ಮೇಲೆ, ಬ್ಯಾಟರ್‌ನ ಮೊಣಕಾಲಿಗಿಂತ ಮೇಲೆ, ಕಂಕುಳಿಗಿಂತ ಕೆಳಗೆ, ಮತ್ತೆ ಮತ್ತೆ ಎಸೆಯಬೇಕು. ಮನೆಗೆ ಹೋಗಿ ಅಂಗಳದಲ್ಲಿ ನೀವೇ ಒಮ್ಮೆ ಎಸೆದು ನೋಡಿ. ಆಮೇಲೆ ಮಗುವಿನ ಮೇಲೆ ಇನ್ನೂ ಗೌರವ ಬರುತ್ತದೆ.

ವಾಕ್ ಆದ ಮೇಲೆ ಏನಾಗುತ್ತದೆ? ಮುಂದಿನ ಚೆಂಡು ಬ್ಯಾಟರ್ ಹಿಂದೆ ಕೂತ ಕ್ಯಾಚರ್ ಕೈ ತಪ್ಪಿ ಹಿಂದಿನ ಬೇಲಿಗೆ ಹೋಗುತ್ತದೆ. ರನ್ನರ್ ಎರಡನೇ ಬೇಸ್‌ಗೆ ಓಡುತ್ತಾನೆ. ಇನ್ನೊಂದು ಚೆಂಡು ತಪ್ಪಿದಾಗ ಮೂರನೇ ಬೇಸ್‌ಗೆ. ಅವನನ್ನು ಔಟ್ ಮಾಡೋಣ ಅಂತ ಕ್ಯಾಚರ್ ಎಸೆದದ್ದು ಲೆಫ್ಟ್ ಫೀಲ್ಡ್‌ಗೆ ಹೋಗುತ್ತದೆ. ಒಂದು ರನ್ ಆಯಿತು. ಬ್ಯಾಟಿಗೆ ಚೆಂಡು ತಾಗಿಯೇ ಇಲ್ಲ! ಇಷ್ಟು ಹೊತ್ತು ಮಿಕ್ಕ ಏಳು ಮಕ್ಕಳು ಏನು ಮಾಡುತ್ತಿದ್ದರು? ನಿಂತಿದ್ದರು. ಹಾಗೆ ನಿಂತೂ ನಿಂತೂ ಗಮನ ಹಾರಿ ಹೋಗಿರುತ್ತದೆ. ಆಗ ಒಂದು ಚೆಂಡು ಅವರ ಕಡೆ ಬರುತ್ತದೆ. ಕಾಲ ಸಂದಿಯಿಂದ ದಾಟಿ ಹೋಗುತ್ತದೆ. "ಗಮನ ಎಲ್ಲಿದೆ?" ಅಂತ ಬೇಲಿಯಾಚೆಯಿಂದ ಒಂದು ಕೂಗು ಕೇಳಿಸುತ್ತದೆ.

ಇನ್ನೊಂದು ಕಷ್ಟವೂ ಇದೆ. ಫುಟ್‌ಬಾಲ್‌ನಲ್ಲಿ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಗಡಿಯಾರ ಓಡುತ್ತಿರುತ್ತದೆ. ಎಷ್ಟೇ ಹಿಂದೆ ಬಿದ್ದರೂ ಸ್ವಲ್ಪ ಹೊತ್ತಿಗೆ ಆಟ ತಾನಾಗೇ ಮುಗಿಯುತ್ತದೆ. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಮೂರು ಔಟ್ ಮಾಡಿದರೆ ಮಾತ್ರ ಮೈದಾನದಿಂದ ಈಚೆ ಬರಬಹುದು. ಆ ಮೂರು ಔಟ್ ಯಾರೂ ಸುಮ್ನೆ ಕೊಡುವುದಿಲ್ಲ. ಈ ಆಟದ ಕ್ರೂರ ಭಾಗ ಇದು ಅನ್ನಿಸಬಹುದು. ನನಗೆ ಮಾತ್ರ ಕೋಚ್‌ಗೆ ಸಿಕ್ಕ ವರ ಇದೇ ಅನ್ನಿಸುತ್ತದೆ. ಯಾಕೆಂದರೆ ಪಂದ್ಯ ಕೈಬಿಟ್ಟು ಹೋದ ಮೇಲೂ ಆ ಮೂರು ಔಟ್ ಮಾಡುವ ಕೆಲಸ ನಮ್ಮದಾಗಿಯೇ ಉಳಿಯುತ್ತದೆ.

ನಿಯಮಗಳೂ ಸ್ವಲ್ಪ ಸಹಾಯ ಮಾಡುತ್ತವೆ. ಲಿಟಲ್ ಲೀಗ್‌ನ ಮೈನರ್ಸ್ ವಿಭಾಗದಲ್ಲಿ ಸಾಮಾನ್ಯವಾಗಿ ಒಂದು ಸರದಿಯಲ್ಲಿ 5 ರನ್ ಆದರೆ ಸಾಕು, ಮೂರು ಔಟ್ ಆಗದಿದ್ದರೂ ಸರದಿ ಬದಲಾಗುತ್ತದೆ. ಅದಕ್ಕಿಂತ ಮೇಲಿನ ಮೇಜರ್ಸ್‌ನಲ್ಲಿ ಆ ತಡೆ ಇಲ್ಲ. ಪಂದ್ಯ ಇರುವುದೇ 6 ಇನ್ನಿಂಗ್. 3 ಇನ್ನಿಂಗ್ ಆದ ಮೇಲೆ 15 ರನ್ ಅಂತರ ಇದ್ದರೆ, ಅಥವಾ 4 ಇನ್ನಿಂಗ್ ಆದ ಮೇಲೆ 10 ರನ್ ಅಂತರ ಇದ್ದರೆ ಪಂದ್ಯ ನಿಲ್ಲಿಸುವ ನಿಯಮವೂ ಇದೆ. ಎಲ್ಲರೂ ಇದನ್ನು ಮರ್ಸಿ ರೂಲ್ ಅಂತ ಕರೆಯುತ್ತಾರೆ. ಸೀಸನ್‌ನ ಮಾಮೂಲಿ ಪಂದ್ಯಗಳಲ್ಲಿ ಇದನ್ನು ಇಟ್ಟುಕೊಳ್ಳಬೇಕೋ ಬೇಡವೋ ಅನ್ನುವುದು ಆಯಾ ಊರಿನ ಲೀಗ್‌ಗೆ ಬಿಟ್ಟದ್ದು. ಕೆಲವು ಅಪ್ಪಂದಿರಿಗೆ ಇದು ಅವಮಾನ ಅನ್ನಿಸುತ್ತದೆ. "ಪೂರ್ತಿ ಆಡಿ ಸೋಲಲಿ, ಗಟ್ಟಿಯಾಗ್ತಾರೆ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ವಾಕ್ ಮೇಲೆ ವಾಕ್ ಕೊಡುತ್ತಾ ನಿಂತ ಹತ್ತು ವರ್ಷದ ಪಿಚರ್ ಗಟ್ಟಿಯಾಗುವುದಿಲ್ಲ. ಅವನ ತೋಳು ಸೋಲುತ್ತದೆ, ಅಷ್ಟೇ.

ತೋಳಿನ ವಿಷಯ ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ದೊಡ್ಡ ಸೋಲಿನ ದಿನ ಕೋಚ್ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿರಬೇಕು. 2007ರಿಂದ ಲಿಟಲ್ ಲೀಗ್ ಎಸೆತಗಳನ್ನೇ ಎಣಿಸುತ್ತದೆ. 9–10 ವಯಸ್ಸಿನವರಿಗೆ ದಿನಕ್ಕೆ 75, 11–12ರವರಿಗೆ 85. ಅಷ್ಟೇ ಅಲ್ಲ, ಎಷ್ಟು ಎಸೆದರೆ ಎಷ್ಟು ದಿನ ವಿಶ್ರಾಂತಿ ಅನ್ನುವುದೂ ಬರೆದಿಟ್ಟಿದೆ. 20ರ ಒಳಗೆ ನಿಲ್ಲಿಸಿದರೆ ನಾಳೆಯೇ ಎಸೆಯಬಹುದು. 35ರ ತನಕ ಹೋದರೆ ಒಂದು ದಿನ ಬಿಡುವು, 50ರ ತನಕ ಎರಡು ದಿನ, 65ರ ತನಕ ಮೂರು, ಅದಕ್ಕಿಂತ ಜಾಸ್ತಿಯಾದರೆ ನಾಲ್ಕು. 41 ಎಸೆದ ಮಗು ಆ ದಿನ ಕ್ಯಾಚರ್ ಆಗಿ ಕೂರುವಂತೆಯೂ ಇಲ್ಲ. ಕ್ಯಾಚರ್ ಪ್ರತಿ ಚೆಂಡನ್ನೂ ವಾಪಸ್ ಎಸೆಯಬೇಕಲ್ವಾ, ಅದಕ್ಕೆ. ಹಾಗಾಗಿ 12–0 ಆದ ಮೇಲೆ ಒಳ್ಳೆಯ ಪಿಚರ್‌ನನ್ನೇ ಎಸೆಯಲು ಬಿಟ್ಟರೆ ಈ ಪಂದ್ಯವೂ ಹೋಯಿತು, ಮುಂದಿನದಕ್ಕೂ ಅವನಿಲ್ಲ. ನಿಮ್ಮ ಮಗನನ್ನು ನಾನು ಬೇಗ ಇಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಇಳಿಸುವುದರಲ್ಲೂ ಒಂದು ರೀತಿ ಇದೆ. ಮೌಂಡ್‌ನಿಂದ, ಅಂದರೆ ಪಿಚರ್ ನಿಂತು ಎಸೆಯುವ ದಿಬ್ಬದಿಂದ, ಇಳಿಸಿದ ಮಗುವನ್ನು ನೇರವಾಗಿ ಬೆಂಚಿಗೆ ಕಳಿಸಬಾರದು. ಅವನಿಗೆ ಅದು ಶಿಕ್ಷೆಯಾಗಿಯೇ ಕಾಣುತ್ತದೆ. ನಾನು ಎರಡನೇ, ಮೂರನೇ ಬೇಸ್ ನಡುವಿನ ಶಾರ್ಟ್‌ಸ್ಟಾಪ್‌ ಜಾಗಕ್ಕೋ ಮೊದಲ ಬೇಸ್‌ಗೋ ಕಳಿಸುತ್ತೇನೆ. "ಅಲ್ಲಿ ಒಂದು ಔಟ್ ಮಾಡಿಕೊಡು" ಅನ್ನುತ್ತೇನೆ. ಅವನು ಅಳುತ್ತಿದ್ದರೂ ಕೈಗೆ ಕೆಲಸ ಬಂದಿರುತ್ತದೆ. ಅಳು ಕೂಡ ಇರಲಿ, ಪರವಾಗಿಲ್ಲ. ಕಣ್ಣೊರೆಸಿಕೊಂಡು ಚೆಂಡು ಹಿಡಿದ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ.

ಮೌಂಡ್ ಹತ್ತಿರ ಹೋದಾಗ ಏನು ಹೇಳುತ್ತೀರಿ ಅಂತ ಪೋಷಕರು ಕೇಳುತ್ತಾರೆ. ದೂರದಿಂದ ನೋಡುವವರಿಗೆ ಅಲ್ಲಿ ಏನೋ ದೊಡ್ಡ ಗುಟ್ಟು ನಡೆಯುತ್ತಿದೆ ಅನ್ನಿಸುತ್ತದೆ. "ಸ್ಟ್ರೈಕ್ ಹಾಕು" (ಜೋನ್ ಒಳಗೆ ಎಸೆ; ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್) ಅಂತ ನಾನು ಯಾವತ್ತೂ ಹೇಳುವುದಿಲ್ಲ. ಹಾಕಬೇಕು ಅಂತ ಅವನಿಗೆ ಗೊತ್ತು. ಆಗುತ್ತಿಲ್ಲ, ಅದೇ ಅವನ ಕಷ್ಟ. ಮೈಗೆ ಸಂಬಂಧಿಸಿದ ಒಂದೇ ಒಂದು ಮಾತು ಹೇಳುತ್ತೇನೆ. "ಉಸಿರು ಬಿಡು. ಮುಂದಿನ ಕಾಲನ್ನು ಕ್ಯಾಚರ್ ಕಡೆಗೆ ಇಡು. ಅವನ ಗ್ಲೌಸ್ ನೋಡುತ್ತಾ ಎಸೆ." ಅಷ್ಟೇ. ಆಮೇಲೆ ಬೇಸ್‌ಗಳ ಹತ್ತಿರ ನಿಲ್ಲುವ ಇನ್‌ಫೀಲ್ಡ್‌ನ ಮಕ್ಕಳನ್ನೂ ಹತ್ತಿರ ಕರೆದು, ಚೆಂಡು ಬಂದರೆ ಯಾವ ಬೇಸ್‌ಗೆ ಎಸೆಯುತ್ತೀರಿ ಅಂತ ಅವರ ಬಾಯಲ್ಲೇ ಹೇಳಿಸುತ್ತೇನೆ. ಪಿಚರ್‌ಗೆ ತಾನೊಬ್ಬನೇ ಅಲ್ಲ ಅನ್ನುವುದು ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಔಟ್‌ಫೀಲ್ಡ್‌ನ ಮಕ್ಕಳ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯ. ದೊಡ್ಡ ಸೋಲಿನಲ್ಲಿ ಮೊದಲು ಕೈಬಿಡುವವರು ಅವರು. ರೈಟ್ ಫೀಲ್ಡ್‌ನಲ್ಲಿ ನಿಂತ ಮಗುವಿಗೆ ಇಡೀ ಪಂದ್ಯದಲ್ಲಿ ಒಂದು ಚೆಂಡೂ ಬರದೇ ಇರಬಹುದು. ಅವನಿಗೆ ನಾನು ಕೊಡುವ ಕೆಲಸ ಇದು: ಮೊದಲ ಬೇಸ್‌ಗೆ ಯಾರೇ ಚೆಂಡು ಎಸೆದರೂ ಆ ಬೇಸ್‌ನ ಹಿಂದೆ ಓಡಿ ಬಂದು ನಿಲ್ಲಬೇಕು. ತಪ್ಪಿದ ಚೆಂಡನ್ನು ತಡೆಯಬೇಕು. ಎಷ್ಟು ಸಲ ಓಡಿದ ಅಂತ ನಾನು ಪುಸ್ತಕದಲ್ಲಿ ಗುರುತು ಹಾಕುತ್ತೇನೆ. ಸರದಿ ಮುಗಿದು ಬಂದಾಗ ಎಲ್ಲರ ಮುಂದೆ ಹೇಳುತ್ತೇನೆ. 14–1ರಲ್ಲಿ ಸೋಲುತ್ತಿದ್ದ ಒಂದು ಪಂದ್ಯದಲ್ಲಿ ಹೀಗೆ ಓಡಿ ಬಂದ ಒಬ್ಬ ಹುಡುಗ ಬೇಸ್ ದಾಟಿ ಹೋದ ಚೆಂಡನ್ನು ಹಿಡಿದು ಎರಡನೇ ಬೇಸ್‌ಗೆ ಎಸೆದ. ರನ್ನರ್ ಔಟ್. ಡಗೌಟ್‌ನಲ್ಲಿ ಮಕ್ಕಳು ಪಂದ್ಯ ಗೆದ್ದವರಂತೆ ಕೂಗಿದರು. ಅವರಿಗೆ ಸ್ಕೋರ್ ಮರೆತು ಹೋಗಿರಲಿಲ್ಲ. ಆ ಔಟ್ ನಿಜವಾಗಿ ಅವರೇ ಸಂಪಾದಿಸಿದ್ದು, ಅದಕ್ಕೆ ಆ ಕೂಗು.

ದೊಡ್ಡವರ ಆಟದಿಂದ ಒಂದು ಉದಾಹರಣೆ ಕೊಡುತ್ತೇನೆ. 2007ರ ಆಗಸ್ಟ್ 22ರಂದು ಬಾಲ್ಟಿಮೋರ್‌ನಲ್ಲಿ ಟೆಕ್ಸಾಸ್ ರೇಂಜರ್ಸ್ ತಂಡ ಓರಿಯೋಲ್ಸ್ ತಂಡವನ್ನು 30–3ರಿಂದ ಸೋಲಿಸಿತು. ಅಮೆರಿಕದ ವೃತ್ತಿಪರರ ಮೇಜರ್ ಲೀಗ್‌ನಲ್ಲಿ ಒಂದು ತಂಡ 30 ರನ್ ಮಾಡಿದ್ದು 1897ರ ನಂತರ ಅದೇ ಮೊದಲು. ಮೂರು ಇನ್ನಿಂಗ್ ಆದಾಗ ಓರಿಯೋಲ್ಸ್ 3–0ಯಿಂದ ಮುಂದಿತ್ತು! ಆ 30 ರನ್ ಬಂದದ್ದು ನಾಲ್ಕೇ ಇನ್ನಿಂಗ್‌ಗಳಲ್ಲಿ: ನಾಲ್ಕನೆಯದರಲ್ಲಿ 5, ಆರರಲ್ಲಿ 9, ಎಂಟರಲ್ಲಿ 10, ಒಂಬತ್ತರಲ್ಲಿ 6. ಅಂದರೆ ಅಂಥ ಸೋಲಿನಲ್ಲೂ ಓರಿಯೋಲ್ಸ್ ಐದು ಇನ್ನಿಂಗ್ ಒಂದೂ ರನ್ ಕೊಡದೆ ಮುಗಿಸಿತ್ತು. ನಮ್ಮ ಮಕ್ಕಳಿಗೆ ನಾನು ಈ ಪಂದ್ಯದ ಸ್ಕೋರ್ ಸಾಲನ್ನು ಬರೆದು ತೋರಿಸುತ್ತೇನೆ. ಸೊನ್ನೆಗಳನ್ನು ಎಣಿಸಿ ಅನ್ನುತ್ತೇನೆ. ಅವರು ಎಣಿಸುತ್ತಾರೆ, ಆಮೇಲೆ ತಮ್ಮ ಪಂದ್ಯದಲ್ಲೂ ಸೊನ್ನೆ ಹುಡುಕುತ್ತಾರೆ. ಅದೇ ಪಂದ್ಯದ ಇನ್ನೊಂದು ಸಂಗತಿ: ರೇಂಜರ್ಸ್‌ನ ವೆಸ್ ಲಿಟಲ್‌ಟನ್ ಕೊನೆಯ ಮೂರು ಇನ್ನಿಂಗ್ ಎಸೆದರು. ಮೂರು ಇನ್ನಿಂಗ್ ಸರಿಯಾಗಿ ಎಸೆದು ಪಂದ್ಯ ಮುಗಿಸಿದರೆ ಅಂತರ ಎಷ್ಟೇ ಇದ್ದರೂ 'ಸೇವ್', ಅಂದರೆ ಗೆಲುವನ್ನು ಕಾಪಾಡಿದ ಲೆಕ್ಕ, ಸಿಗಬೇಕು ಅನ್ನುವುದು ನಿಯಮ. 27 ರನ್‌ಗಳ ಗೆಲುವಿನಲ್ಲಿ ಅವರ ಹೆಸರಿಗೆ ಒಂದು ಸೇವ್ ಬರೆಯಲಾಯಿತು. ಇದನ್ನು ಕೇಳಿ ಜನ ನಗುತ್ತಾರೆ. ನನಗೆ ಆ ನಿಯಮ ತುಂಬಾ ಇಷ್ಟ. ಫಲಿತಾಂಶ ಗೊತ್ತಾದ ಮೇಲೂ ಮಾಡಿದ ಕೆಲಸಕ್ಕೆ ಅದು ಲೆಕ್ಕ ಇಡುತ್ತದೆ.

ಈಗ ಮಾತುಗಳ ವಿಷಯ. 2014ರ ಲಿಟಲ್ ಲೀಗ್ ವರ್ಲ್ಡ್ ಸೀರೀಸ್‌ನಲ್ಲಿ ರೋಡ್ ಐಲೆಂಡ್‌ನ ಕಂಬರ್‌ಲೆಂಡ್ ತಂಡ 8–7ರಿಂದ ಸೋತು ಹೊರಬಿತ್ತು. ಅವರ ಕೋಚ್ ಡೇವ್ ಬೆಲಿಲ್ ಅಳುತ್ತಿದ್ದ ಮಕ್ಕಳನ್ನು ಔಟ್‌ಫೀಲ್ಡ್ ಹುಲ್ಲಿನ ಮೇಲೆ ಸೇರಿಸಿ ಮಾತಾಡಿದರು. ಅವರ ಅಂಗಿಗೆ ಮೈಕ್ ಇತ್ತು, ಹಾಗಾಗಿ ಆ ಮಾತುಗಳು ಲೋಕಕ್ಕೆಲ್ಲ ಕೇಳಿಸಿದವು. ತಲೆ ಎತ್ತಿ, ನಿಮ್ಮ ಹೋರಾಟದಲ್ಲಿ ಯಾವ ಕೊರತೆಯೂ ಇರಲಿಲ್ಲ ಅನ್ನುವ ಅರ್ಥದ ಮಾತು. ನನಗೆ ಈಗಲೂ ಅದನ್ನು ಕೇಳಿದರೆ ಗಂಟಲು ಕಟ್ಟುತ್ತದೆ. ಆದರೆ ಅದು ಒಂದು ರನ್‌ನಿಂದ ಸೋತ, ಕೊನೆಯ ತನಕ ಕಾದಾಡಿದ ತಂಡಕ್ಕೆ ಹೇಳಿದ ಮಾತು. ಎಷ್ಟೋ ಕೋಚ್‌ಗಳು ಅದನ್ನೇ 18–1ರ ದಿನವೂ ಹೇಳುತ್ತಾರೆ. ಮಕ್ಕಳಿಗೆ ಅದು ಸುಳ್ಳು ಅಂತ ತಕ್ಷಣ ಗೊತ್ತಾಗುತ್ತದೆ. ತಾವು ಚೆನ್ನಾಗಿ ಆಡಲಿಲ್ಲ ಅಂತ ಅವರಿಗೆ ತಿಳಿದಿರುತ್ತದೆ. ಆಗ "ಅದ್ಭುತವಾಗಿ ಆಡಿದಿರಿ" ಅಂದರೆ, ಮುಂದೆ ನಿಜವಾಗಿ ಅದ್ಭುತವಾಗಿ ಆಡಿದ ದಿನ ನನ್ನ ಹೊಗಳಿಕೆಗೆ ಬೆಲೆ ಇರುವುದಿಲ್ಲ.

ಹಾಗಾಗಿ ನಾನು ಹೇಳುವುದು ನಡೆದದ್ದನ್ನು ಮಾತ್ರ. "ಇವತ್ತು ಅವರು ನಮಗಿಂತ ತುಂಬಾ ಚೆನ್ನಾಗಿ ಆಡಿದರು. ನಾವು ವಾಕ್ ಜಾಸ್ತಿ ಕೊಟ್ಟೆವು. ಮೂರನೇ ಇನ್ನಿಂಗ್‌ನಲ್ಲಿ ರನ್ ಕೊಡದೆ ಮೂರು ಔಟ್ ಮಾಡಿದಿರಿ. ನೀನು ಎರಡು ಸ್ಟ್ರೈಕ್ ಆದ ಮೇಲೂ ಐದು ಚೆಂಡು ಆಡಿದೆ. ನೀನು ತಪ್ಪಿದ ಚೆಂಡಿನ ಹಿಂದೆ ಓಡಿದೆ." ಹೆಸರು ಹಿಡಿದು, ಕಂಡದ್ದನ್ನು ಹೇಳುವುದು. ಎರಡು ಮೂರು ನಿಮಿಷ ಸಾಕು. ಆಮೇಲೆ ಸ್ನ್ಯಾಕ್. ಜ್ಯೂಸ್ ಡಬ್ಬಿ ಕೈಗೆ ಬಂದ ಮೇಲೆ ಮಕ್ಕಳು ನಗುತ್ತಾರೆ, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ. ಅದನ್ನು ನೋಡಿ "ಇವರಿಗೆ ಸೋಲಿನ ನೋವೇ ಇಲ್ಲ" ಅಂತ ದಯವಿಟ್ಟು ಅನ್ನಬೇಡಿ. ನೋವು ಇರುತ್ತದೆ. ಅದನ್ನು ಹೊತ್ತುಕೊಂಡೇ ಆಡುವುದು ಅವರಿಗೆ ಬರುತ್ತದೆ.

ಮುಂದಿನ ಸಲ ಗೆದ್ದೇ ಗೆಲ್ಲುತ್ತೀರಿ ಅಂತ ಮಾತು ಕೊಡುವುದೂ ಬೇಡ. ನಮ್ಮವರಿಗೆ ತಟ್ಟನೆ ನೆನಪಾಗುವುದು ಅಡಿಲೇಡ್. 2020ರ ಡಿಸೆಂಬರ್‌ನಲ್ಲಿ ಭಾರತ 36ಕ್ಕೆ ಕುಸಿಯಿತು, ಮುಂದಿನ ತಿಂಗಳು ಬ್ರಿಸ್ಬೇನ್‌ನಲ್ಲಿ ಗೆದ್ದು ಸರಣಿಯನ್ನೇ 2–1ರಿಂದ ತಂದಿತು. ಮೈ ಜುಮ್ಮೆನ್ನುವ ಕಥೆ. ಲಿಟಲ್ ಲೀಗ್‌ನಲ್ಲೂ ಅಂಥದ್ದೇ ಒಂದಿದೆ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಮೂರು ತಂಡಗಳೊಂದಿಗೆ ಲಿಟಲ್ ಲೀಗ್ ಶುರು ಮಾಡಿದರು. ಜೂನ್ 6ರಂದು ನಡೆದ ಮೊಟ್ಟಮೊದಲ ಪಂದ್ಯದಲ್ಲಿ ಲಂಡಿ ಲಂಬರ್ ತಂಡ ಲೈಕಮಿಂಗ್ ಡೈರಿ ತಂಡವನ್ನು ಸೋಲಿಸಿತು. ಸ್ಕೋರ್ 23–8. ನೋಡಿ, ಈ ಲೀಗ್ ಹುಟ್ಟಿದ್ದೇ ಒಂದು ಭಾರೀ ಸೋಲಿನೊಂದಿಗೆ! ಆ ಸೀಸನ್ ಕೊನೆಗೆ ಗೆದ್ದದ್ದು ಸೋತಿದ್ದ ಲೈಕಮಿಂಗ್ ಡೈರಿಯೇ.

ಈ ಕಥೆಯ ಮೊದಲ ಅರ್ಧವನ್ನು ನಾನು ಮಕ್ಕಳಿಗೆ ಸಂತೋಷವಾಗಿ ಹೇಳುತ್ತೇನೆ. ಮೊದಲ ದಿನವೇ 23 ರನ್ ಕೊಟ್ಟ ಮಕ್ಕಳಿದ್ದರು, ಅವರು ಮತ್ತೆ ಆಡಲು ಬಂದರು ಅಂತ. ಎರಡನೇ ಅರ್ಧವನ್ನು ಅವರೇ ಕೇಳಿದರೆ ಹೇಳುತ್ತೇನೆ. ಯಾಕೆಂದರೆ ಗುರುವಾರದ ಪಂದ್ಯದಲ್ಲಿ ನಾವು ಮತ್ತೆ ಸೋಲಬಹುದು. ಸೋತವರೆಲ್ಲ ಗೆದ್ದೇ ಗೆಲ್ಲುತ್ತಾರೆ ಅಂತ ನಂಬಿಸಿದರೆ, ಮತ್ತೆ ಸೋತ ಮಗು ತನ್ನಲ್ಲೇ ಏನೋ ಕೊರತೆ ಇದೆ ಅಂದುಕೊಳ್ಳುತ್ತದೆ.

ಗೆಲ್ಲುತ್ತಿರುವ ಕಡೆ ಇದ್ದಾಗಲೂ ನಮಗೆ ಜವಾಬ್ದಾರಿ ಇದೆ. ಹತ್ತು ರನ್ ಮುಂದಿದ್ದರೆ ಬೇಸ್ ಕದಿಯುವುದು, ಅಂದರೆ ಹಿಟ್ ಇಲ್ಲದೆಯೇ ಮುಂದಿನ ಬೇಸ್‌ಗೆ ಓಡುವುದು, ನಿಲ್ಲಿಸಬೇಕು. ಕ್ಯಾಚರ್ ಕೈ ತಪ್ಪಿದ ಚೆಂಡಿಗೆ ಓಡಬಾರದು. ಒಂದು ಹಿಟ್‌ಗೆ ಒಂದು ಬೇಸ್ ಸಾಕು. ಆದರೆ ಬೇಕಂತಲೇ ಚೆಂಡು ಬಿಡುವುದು, ಬಲಗೈ ಆಟಗಾರನನ್ನು ಎಡಗೈಯಲ್ಲಿ ಬ್ಯಾಟ್ ಮಾಡಿಸುವುದು ಬೇಡ. ಸೋಲುತ್ತಿರುವ ಮಕ್ಕಳಿಗೆ ಅದು ಇನ್ನೂ ದೊಡ್ಡ ಅವಮಾನ. ನಿಜವಾದ ಚೆಂಡಿಗೆ ನಿಜವಾದ ಔಟ್ ಮಾಡುವ ಅವಕಾಶ ಅವರಿಗೆ ಉಳಿಯಬೇಕು.

ಇನ್ನು ಮನೆಗೆ ಹೋಗುವ ಕಾರು. ನಿಮ್ಮ ಹತ್ತಿರ ಕೈಮುಗಿದು ಕೇಳಿಕೊಳ್ಳುವುದು ಇದೊಂದನ್ನೇ. ಕಾರಿನಲ್ಲಿ ಪಂದ್ಯದ ವಿಚಾರಣೆ ಬೇಡ. ಸೀಟ್‌ಬೆಲ್ಟ್ ಹಾಕಿಕೊಂಡ ಮಗು ಎದ್ದು ಹೋಗುವಂತಿಲ್ಲ. ನಾವು ಮಾರ್ಕ್ಸ್ ಕಾರ್ಡ್‌ಗೆ ಅಪ್ಪನ ಸಹಿ ಹಾಕಿಸಿಕೊಳ್ಳಲು ನಿಂತ ಹಾಗೆ ಅವರು ಅಲ್ಲಿ ಕೂತಿರುತ್ತಾರೆ. "ಆ ಹುಡುಗ ನೋಡು ಹೇಗೆ ಹಿಡಿದ" ಅನ್ನುವುದು ಬೇಡ. "ಬ್ಯಾಟ್ ನೇರ ಹಿಡಿ ಅಂತ ಎಷ್ಟು ಸಲ ಹೇಳಿದ್ದೀನಿ" ಅನ್ನುವುದಂತೂ ಬೇಡವೇ ಬೇಡ, ಅದು ಕ್ರಿಕೆಟ್! ಹಸಿವಾಗಿದೆಯಾ ಅಂತ ಕೇಳಿ. ಅವರೇ ಪಂದ್ಯದ ಮಾತು ತೆಗೆದರೆ ಕೇಳಿಸಿಕೊಳ್ಳಿ. ಊರಿಂದ ಬಂದ ಅಜ್ಜಿಯರು ಇದರಲ್ಲಿ ನಮಗಿಂತ ಮೇಲು. ಅವರಿಗೆ ನಿಯಮ ಗೊತ್ತಿರುವುದಿಲ್ಲ, "ಎಷ್ಟು ಓಡಿದೆಯೋ ಕಂದ, ಬಾ ಊಟ ಮಾಡು" ಅನ್ನುತ್ತಾರೆ.

ಮಾತು ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು: "ಸೋತ ಮೇಲೆ ಮಗ ಇನ್ನು ಆಡಲ್ಲ ಅಂತಿದ್ದಾನೆ, ಏನು ಮಾಡಲಿ?" ಆ ರಾತ್ರಿ ಏನೂ ತೀರ್ಮಾನ ಮಾಡಬೇಡಿ ಅಂದೆ. ಮುಂದಿನ ಪ್ರ್ಯಾಕ್ಟೀಸ್‌ಗೆ ಕರೆದುಕೊಂಡು ಬನ್ನಿ. ಸೋತ ತಂಡವನ್ನು ಮೈದಾನ ಸುತ್ತಿಸುವ ಅಭ್ಯಾಸ ನನಗಿಲ್ಲ. ಮೊದಲು ಅವರಿಗಿಷ್ಟವಾದ ಒಂದು ಆಟ. ಆಮೇಲೆ ಅವತ್ತು ಕೆಟ್ಟ ಒಂದೇ ಒಂದು ವಿಷಯ ಹಿಡಿದು ಅಭ್ಯಾಸ, ಸಾಮಾನ್ಯವಾಗಿ ಕ್ಯಾಚರ್ ಹಿಂದೆ ಹೋಗುವ ಚೆಂಡು. ಸೀಸನ್ ಮುಗಿಯುವ ತನಕ ತಂಡದ ಜೊತೆ ಇರಲಿ, ಮುಂದಿನ ವರ್ಷದ ಮಾತು ಅವನಿಗೇ ಬಿಡಿ.

ಇನ್ನೊಬ್ಬರು, ಬೇಸ್‌ಬಾಲ್ ಆಡಿ ಗೊತ್ತಿಲ್ಲದ ನಾವು ಏನು ಸಹಾಯ ಮಾಡಬಹುದು ಅಂತ ಕೇಳಿದರು. ನನಗೆ ಸ್ಕೋರ್ ಪುಸ್ತಕ ಬರೆಯುವವರು ಬೇಕು. ಕ್ರಿಕೆಟ್ ಸ್ಕೋರ್ ಬರೆದವರಿಗೆ ಒಂದು ಸಂಜೆಯಲ್ಲಿ ಬರುತ್ತದೆ. ರನ್, ಔಟ್ ಜೊತೆಗೆ ಎಸೆತಗಳನ್ನು ಎಣಿಸಬೇಕು, ಮತ್ತು ಬೇಸ್ ಹಿಂದೆ ಓಡಿದವರ ಹೆಸರಿನ ಮುಂದೆ ಒಂದು ಗೀಟು ಹಾಕಬೇಕು. ಮಕ್ಕಳ ಜೊತೆ ಕೆಲಸ ಮಾಡುವ ಸ್ವಯಂಸೇವಕರಿಗೆ ಲಿಟಲ್ ಲೀಗ್‌ನಲ್ಲಿ ಹಿನ್ನೆಲೆ ಪರಿಶೀಲನೆ ಕಡ್ಡಾಯ, ಅದರ ಅರ್ಜಿ ಮೊದಲೇ ತುಂಬಿ ಕೊಡಿ. ಪೆನ್ಸಿಲ್ ನಾನು ತರುತ್ತೇನೆ.